ಯಾವ ನೋವು ಯಾವ ವಾರದ್ದು

ಸ್ತನ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಮುಗಿದು ಅರಿವಳಿಕೆಯ ಮಂಪರು ಇಳಿಯುತ್ತಿರುವಾಗಲೇ ಎಷ್ಟೋ ಹೆಂಗಸರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ಎದೆ ಉರಿಯುತ್ತಿದೆ, ಆದರೆ ಹೆಗಲು ಹಗುರಾಗಿದೆ. ಪಕ್ಕದಲ್ಲಿ ಕೂತವರಿಗೆ ಇದು ಔಷಧದ ಅಮಲಿನ ಮಾತಿನಂತೆ ಕೇಳಬಹುದು. ಆದರೆ ನಡೆದಿರುವುದು ಅದೇ. ವರ್ಷಗಟ್ಟಲೆ ಹೊತ್ತುಕೊಂಡಿದ್ದ ಹಳೆಯ ನೋವು ಆಪರೇಷನ್ ಮೇಜಿನ ಮೇಲೆಯೇ ಇಳಿದಿದೆ, ಹೊಸದೊಂದು ಅಲ್ಲಿಯೇ ಹತ್ತಿಕೊಂಡಿದೆ. ಹಳೆಯದಕ್ಕೆ ಕೊನೆಯೆಂಬುದು ಇರಲಿಲ್ಲ. ಹೊಸದಕ್ಕೆ ಬಹುಮಟ್ಟಿಗೆ ಒಂದು ಲೆಕ್ಕವಿದೆ: ಯಾವ ದಿನ ಏನು ನೋಯುತ್ತದೆ, ಏಕೆ ನೋಯುತ್ತದೆ, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ. ಈ ಲೆಕ್ಕವನ್ನು ಆಸ್ಪತ್ರೆಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಅದಕ್ಕೆ ಇನ್ನಷ್ಟು ಸಮಯ ಕೊಡಬೇಕಾಗಿತ್ತು ಅನ್ನುವುದು ನನ್ನ ತಕರಾರು.

ಹಳೆಯ ನೋವಿನಿಂದ ಶುರುಮಾಡೋಣ. ಒಂದೊಂದು ಸ್ತನ ಒಂದು ಕಿಲೋ ತೂಗುತ್ತದೆ ಎಂದುಕೊಳ್ಳಿ. ದೊಡ್ಡ ಸ್ತನಗಳ ಮಟ್ಟಿಗೆ ಇದು ಅತಿಶಯದ ಅಂದಾಜಲ್ಲ. ಎರಡು ಕಿಲೋ ಏನು ಮಹಾ ಭಾರ? ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು ಅರ್ಧ ಮೈಲಿ ನಡೆಯುವವಳೂ ಅದನ್ನೇ ಕೈಚಾಚಿ ಮುಂದೆ ಹಿಡಿದರೆ ಒಂದು ನಿಮಿಷ ನಿಲ್ಲಲಾರಳು. ತೂಕದಷ್ಟೇ ಅದು ಇರುವ ದೂರವೂ ಮುಖ್ಯ. ಸ್ತನಗಳ ಭಾರ ಬೆನ್ನುಮೂಳೆಯ ನಡುವಿನಿಂದ ಸುಮಾರು 15 ಸೆಂಟಿಮೀಟರ್ ಮುಂದಿದ್ದರೆ, ಅದನ್ನು ಹಿಂದಕ್ಕೆ ಜಗ್ಗಿ ಹಿಡಿಯುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಹೆಚ್ಚೆಂದರೆ 5 ಸೆಂಟಿಮೀಟರ್ ಹಿಂದಿರುತ್ತವೆ. ಅಂದರೆ ಎರಡು ಕಿಲೋ ಭಾರವನ್ನು ಸರಿದೂಗಿಸಲು ಆ ಸ್ನಾಯುಗಳು ಆರು ಕಿಲೋ ಬಲ ಹಾಕಬೇಕು. ಇದು ನೆಟ್ಟಗೆ ನಿಂತಾಗಿನ ಒರಟು ಲೆಕ್ಕ. ಪಾತ್ರೆ ತೊಳೆಯಲು, ಕಸ ಗುಡಿಸಲು ಬಗ್ಗಿದಾಗ ಹೊರೆ ಇನ್ನೂ ಏರುತ್ತದೆ. ಎಚ್ಚರವಿದ್ದಷ್ಟು ಹೊತ್ತೂ ಬಿಡುವಿಲ್ಲ.

ಬ್ರಾ ಈ ಭಾರವನ್ನು ಕಡಿಮೆ ಮಾಡುವುದಿಲ್ಲ, ಹೆಗಲಿಗೆ ವರ್ಗಾಯಿಸುತ್ತದೆ. ಅದಕ್ಕೇ ಹೆಗಲಿನ ಮೇಲೆ ಪಟ್ಟಿ ಕೊರೆದ ಹಳ್ಳಗಳು, ಕುತ್ತಿಗೆಯ ಬುಡದಲ್ಲಿ ಗಂಟುಕಟ್ಟಿದ ಸ್ನಾಯುಗಳು, ಕೆಲವರಿಗೆ ಕಿರುಬೆರಳಿನವರೆಗೆ ಇಳಿಯುವ ಜೋಮು. ಸ್ತನದ ಕೆಳಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಸುಲಿಯುತ್ತದೆ, ಶಿಲೀಂಧ್ರ ಹತ್ತುತ್ತದೆ. ಕರಾವಳಿಯ ಸೆಕೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಇಂಥವರು ಮೊದಲು ಹೋಗುವುದು ಮೂಳೆ ವೈದ್ಯರ ಬಳಿಗೆ. ಎಕ್ಸ್‌-ರೇ, ಕ್ಯಾಲ್ಸಿಯಂ ಮಾತ್ರೆ, ಹಚ್ಚಲೊಂದು ಮುಲಾಮು. ಬೆನ್ನುನೋವು ಎಂದು ಹೇಳಲು ನಾಚಿಕೆಯಿಲ್ಲ, ಅದರ ಕಾರಣ ಹೇಳಲು ಇದೆ. ಹೇಳದೆ ಕಾರಣ ಯಾರಿಗೆ ತಿಳಿಯಬೇಕು?

ಹೇಳಿಕೊಂಡವರಲ್ಲಿ ಹೆಸರಾದವಳು ರೊಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್. 2008ರಲ್ಲಿ ಫ್ರೆಂಚ್ ಓಪನ್ ಕಿರಿಯರ ಪ್ರಶಸ್ತಿ ಗೆದ್ದಿದ್ದ ಹುಡುಗಿ 2009ರಲ್ಲಿ, 17ನೇ ವಯಸ್ಸಿನಲ್ಲಿ, ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಬೆನ್ನು ನೋಯುತ್ತದೆ, ಚೆಂಡಿನತ್ತ ಬೇಗ ತಿರುಗಲು ಭಾರ ಅಡ್ಡ ಬರುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. 2017ರಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದಳು, 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ಸೆರೆನಾ ವಿಲಿಯಮ್ಸ್‌ರನ್ನು ಸೋಲಿಸಿ ವಿಂಬಲ್ಡನ್ ಗೆದ್ದಳು. ಗೆಲುವುಗಳನ್ನೆಲ್ಲ ಶಸ್ತ್ರಚಿಕಿತ್ಸೆಯ ಖಾತೆಗೆ ಬರೆಯುವುದು ಹುಡುಗಾಟವಾದೀತು. ಆದರೆ ಇದು ಅಂದಕ್ಕಾಗಿ ಮಾಡಿಸಿಕೊಳ್ಳುವ ಶೋಕಿಯ ಚಿಕಿತ್ಸೆ ಎನ್ನುವವರ ಬಾಯನ್ನು ಆ ಒಂದು ಉದಾಹರಣೆ ಸಾಕಷ್ಟು ಮುಚ್ಚಿಸಿತು.

ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಅಮೆರಿಕದಲ್ಲಿ ಕ್ಯಾರೊಲಿನ್ ಕೆರಿಗನ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಹೆಂಗಸರು ಅದುವರೆಗೆ ಮಾಡಿದ್ದ ಪ್ರಯತ್ನಗಳನ್ನೆಲ್ಲ ಪರಿಶೀಲಿಸಿದರು: ತೂಕ ಇಳಿಸುವುದು, ಫಿಸಿಯೋಥೆರಪಿ, ವಿಶೇಷ ಬ್ರಾ, ಮಾತ್ರೆ. ಯಾವುದೂ ನಿಲ್ಲುವಂಥ ಆರಾಮ ಕೊಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆ ಕೊಟ್ಟಿತು. ಇನ್ನೊಂದು ಅಂಶವೂ ಬೆಳಕಿಗೆ ಬಂತು: ತೆಗೆದ ಅಂಗಾಂಶದ ತೂಕ ಕಡಿಮೆಯಿದ್ದವರಿಗೂ ಪ್ರಯೋಜನವಾಗಿತ್ತು. ವಿಮಾ ಕಂಪನಿಗಳಿಗೆ ಮಾತ್ರ ಗ್ರಾಂ ಲೆಕ್ಕವೇ ಇಷ್ಟ. ಪಾಲ್ ಷ್ನರ್ ಎಂಬ ಸರ್ಜನ್ 1991ರಲ್ಲಿ ಮಂಡಿಸಿದ, ದೇಹದ ಗಾತ್ರಕ್ಕೆ ತಕ್ಕಂತೆ ಎಷ್ಟು ಗ್ರಾಂ ತೆಗೆದರೆ ಅದು ‘ಆರೋಗ್ಯಕ್ಕಾಗಿ’ ಎಂಬ ಕೋಷ್ಟಕವನ್ನು ಅಮೆರಿಕದ ಕಂಪನಿಗಳು ಗಟ್ಟಿಯಾಗಿ ಹಿಡಿದುಕೊಂಡವು. ನಮ್ಮ ದೇಶದ ಆರೋಗ್ಯ ವಿಮೆಗಳು ರೂಪ ಬದಲಿಸುವ ಪ್ಲಾಸ್ಟಿಕ್ ಸರ್ಜರಿಯನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಮರುರಚನೆಗೆ ವಿನಾಯಿತಿಯಿದೆ, ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ವೈದ್ಯರು ದೃಢಪಡಿಸಿದರೂ ಇದೆ. ಆದ್ದರಿಂದ ಬೆನ್ನುನೋವಿನ, ಚರ್ಮದ ಹುಣ್ಣಿನ ಹಳೆಯ ಚೀಟಿಗಳನ್ನು ಎಸೆಯದಿರುವುದು ಜಾಣತನ.

ಇನ್ನು ಶಸ್ತ್ರಚಿಕಿತ್ಸೆ. ಅದರ ಮುಖ್ಯ ಭಾಗ ಚಾಕು ಮುಟ್ಟುವ ಮೊದಲೇ ನಡೆದಿರುತ್ತದೆ. ರೋಗಿಯನ್ನು ನಿಲ್ಲಿಸಿಕೊಂಡೇ ಸರ್ಜನ್ ಮಾರ್ಕರ್ ಪೆನ್ನು, ಟೇಪು ಹಿಡಿದು ಗೆರೆ ಹಾಕುತ್ತಾರೆ. ಮಲಗಿದರೆ ಸ್ತನ ಪಕ್ಕಕ್ಕೆ ಹರಡಿ ಲೆಕ್ಕ ತಪ್ಪುತ್ತದೆ. ಕೊರಳಿನ ಕೆಳಗಿನ ಗುಂಡಿಯಿಂದ ತೊಟ್ಟಿನವರೆಗೆ ಅಳತೆ, ಕಾಲರ್ ಮೂಳೆಯ ನಡುವಿನಿಂದ ಕೆಳಕ್ಕೆ ಒಂದು ರೇಖೆ, ತೊಟ್ಟಿನ ಹೊಸ ಜಾಗಕ್ಕೆ ಒಂದು ಗುರುತು. ಕೆಳಗೆ ಬೀಗದ ಕೈ ತೂರುವ ರಂಧ್ರದಂಥ ಆಕಾರ. ಅಮೆರಿಕದ ರಾಬರ್ಟ್ ವೈಸ್ 1956ರಲ್ಲಿ ಈ ಆಕಾರವನ್ನು ರೂಪಿಸಿದ್ದು ಬ್ರಾ ಹೊಲಿಯಲು ಬಟ್ಟೆ ಕತ್ತರಿಸುವ ಮಾದರಿಗಳನ್ನು ನೋಡಿ. ಚಪ್ಪಟೆ ಬಟ್ಟೆಯನ್ನು ಗುಂಡಾಗಿಸುವ ದರ್ಜಿಯ ವಿದ್ಯೆ ಆಪರೇಷನ್ ಕೋಣೆಗೆ ಬಂದದ್ದು ಹಾಗೆ. ನಂತರ ಬೆಲ್ಜಿಯಂನ ಮ್ಯಾಡೆಲೀನ್ ಲೆಜೂರ್, ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ ಮುಂತಾದವರು ಕೆಳಮಡಿಕೆಯ ಉದ್ದನೆಯ ಕೊಯ್ತವನ್ನು ಕೈಬಿಟ್ಟು ಬರೀ ಲಂಬ ಕೊಯ್ತದಲ್ಲೇ ಮುಗಿಸುವ ವಿಧಾನಗಳನ್ನು ಬಳಕೆಗೆ ತಂದರು. ತೀರ ದೊಡ್ಡ ಸ್ತನಗಳಿಗೆ ಈಗಲೂ ವೈಸ್ ಮಾದರಿಯೇ ಹೆಚ್ಚು. ಅದರ ಗಾಯ ತಲೆಕೆಳಗಾದ ಇಂಗ್ಲಿಷ್ ‘ಟಿ’ ಅಕ್ಷರದಂತಿರುತ್ತದೆ: ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೆ ಒಂದು ಗೆರೆ, ಕೆಳಮಡಿಕೆಯುದ್ದಕ್ಕೂ ಇನ್ನೊಂದು. ಕೊಬ್ಬು, ಗ್ರಂಥಿ, ಚರ್ಮವನ್ನು ತೆಗೆಯುವಾಗ ತೊಟ್ಟನ್ನು ಮಾತ್ರ ರಕ್ತನಾಳ, ನರಗಳಿರುವ ಒಂದು ಅಂಗಾಂಶದ ಕಾಂಡದ ಮೇಲೆ ಉಳಿಸಿಕೊಂಡು ಮೇಲಕ್ಕೆ ಏರಿಸುತ್ತಾರೆ.

ಇಷ್ಟುದ್ದದ ಕೊಯ್ತ ನೋಡಿದರೆ ಭಯವಾಗುವುದು ಸಹಜ. ಆದರೆ ನೋವು ನಿರೀಕ್ಷೆಗಿಂತ ಕಡಿಮೆ ಎಂದೇ ಬಹಳ ಮಂದಿಯ ಅನುಭವ. ಕಾರಣ ಅಂಗರಚನೆಯಲ್ಲಿದೆ. ಸ್ತನ ಎದೆಯ ಸ್ನಾಯುವಿನ ಮೇಲೆ ಕೂತಿರುವ ಅಂಗ, ಈ ಚಿಕಿತ್ಸೆಯಲ್ಲಿ ಆ ಸ್ನಾಯುವನ್ನು ಕತ್ತರಿಸುವುದಿಲ್ಲ. ಹೊಟ್ಟೆಯ ಆಪರೇಷನ್ ಆದವರು ಕೆಮ್ಮಿದರೆ, ನಕ್ಕರೆ, ಎದ್ದು ಕೂತರೆ ಕತ್ತರಿಸಿದ ಪದರಗಳೆಲ್ಲ ಜಗ್ಗುತ್ತವೆ. ಸ್ನಾಯುವಿನಡಿ ಇಂಪ್ಲಾಂಟ್ ಇಡಿಸಿಕೊಂಡವರ ನೋವೂ ಇದಕ್ಕಿಂತ ಜೋರು. ಇಲ್ಲಿ ನೋಯುವುದು ಮುಖ್ಯವಾಗಿ ಚರ್ಮ ಮತ್ತು ಊತದ ಬಿಗಿತ.

ಮೊದಲ ಎರಡು ಮೂರು ದಿನ ನೋವಿನ ತುದಿ. ಕತ್ತರಿಸಿದ ಅಂಗಾಂಶದಿಂದ ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಸುರಿಯುತ್ತವೆ. ಅವು ನೋವಿನ ನರತುದಿಗಳನ್ನು ಎಷ್ಟು ಸೂಕ್ಷ್ಮವಾಗಿಸುತ್ತವೆ ಎಂದರೆ ಬ್ರಾದ ಹೊಲಿಗೆ ತಗುಲಿದರೂ ಚುರ್ ಎನ್ನುತ್ತದೆ. ಐಬುಪ್ರೊಫೆನ್‌ನಂಥ ಮಾತ್ರೆಗಳು ತಡೆಯುವುದು ಇದೇ ರಾಸಾಯನಿಕದ ತಯಾರಿಯನ್ನು. ಪ್ಯಾರಸಿಟಮಾಲ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಒಂದನ್ನೇ ಹೆಚ್ಚಿಸಿದ್ದಕ್ಕಿಂತ ಒಳ್ಳೆಯ ಫಲ. ಅದರಿಂದಲೇ ಇಂದಿನ ಪದ್ಧತಿಯಲ್ಲಿ ಇವೆರಡು ಬುನಾದಿ, ಅಫೀಮಿನ ಜಾತಿಯ ಔಷಧಗಳು ಬೇಕಾದರೆ ಮಾತ್ರ, ಕೆಲವೇ ದಿನ. ಅವು ವಾಕರಿಕೆ ತರುತ್ತವೆ, ಮಲ ಕಟ್ಟಿಸುತ್ತವೆ. ಮೂರನೆಯ ದಿನ ಎದೆಗಿಂತ ಹೊಟ್ಟೆಯದೇ ದೊಡ್ಡ ದೂರಾಗಿಬಿಡುವುದುಂಟು.

ಮಾತ್ರೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ‘ತಡೆಯೋಕೆ ಆಗದಿದ್ದರೆ ತಗೋತೀನಿ’ ಅನ್ನುವುದು. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಮೊದಲ ದಿನಗಳಲ್ಲಿ ಗಡಿಯಾರ ನೋಡಿ ತೆಗೆದುಕೊಳ್ಳುವುದೇ ಸರಿ. ಇನ್ನೊಂದು ಅಪಾಯದ್ದು. ಕೋವಿಡ್ ಕಾಲದಿಂದ ಡೋಲೋ 650 ಎಲ್ಲರ ಮನೆಯಲ್ಲೂ ಇದೆ. ಅದು ಪ್ಯಾರಸಿಟಮಾಲ್. ಆಸ್ಪತ್ರೆಯವರು ಬರೆದುಕೊಟ್ಟ ಅಸಿಕ್ಲೋಫೆನಾಕ್ ಮಾತ್ರೆಯಲ್ಲೂ ಟ್ರಮಡಾಲ್ ಮಾತ್ರೆಯಲ್ಲೂ ಹಲವು ಬಾರಿ ಪ್ಯಾರಸಿಟಮಾಲ್ ಬೆರೆತೇ ಇರುತ್ತದೆ. ಮೂರನ್ನೂ ನುಂಗಿದರೆ ದೊಡ್ಡವರಿಗೆ ಹೇಳುವ ದಿನದ 4 ಗ್ರಾಂ ಮಿತಿ ಗೊತ್ತಿಲ್ಲದೆ ದಾಟಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಸಣ್ಣ ಮೈಕಟ್ಟಿನವರಿಗೆ, ಯಕೃತ್ತಿನ ತೊಂದರೆಯಿದ್ದವರಿಗೆ ಮಿತಿ ಇನ್ನೂ ಕಡಿಮೆ. ಮಾತ್ರೆಯ ಪಟ್ಟಿಯ ಹಿಂಬದಿ ಓದುವ ಅಭ್ಯಾಸ ಒಳ್ಳೆಯದು.

ಈಚೆಗೆ ಅರಿವಳಿಕೆ ತಜ್ಞರು ಆಪರೇಷನ್ ವೇಳೆಯಲ್ಲೇ ಅಲ್ಟ್ರಾಸೌಂಡ್ ನೋಡಿಕೊಂಡು ಎದೆಗೆ ಬರುವ ನರಗಳ ಸುತ್ತ ಮರಗಟ್ಟಿಸುವ ಔಷಧ ಬಿಡುತ್ತಾರೆ. 2011ರಲ್ಲಿ ರಫಾಯೆಲ್ ಬ್ಲಾಂಕೊ ವಿವರಿಸಿದ, ಎದೆಯ ಸ್ನಾಯುಗಳ ಪದರದ ನಡುವೆ ಕೊಡುವ ಚುಚ್ಚುಮದ್ದು ಇವುಗಳಲ್ಲಿ ಹೆಸರಾದದ್ದು. ಮೊದಲ ಸಂಜೆ ಸುಖವಾಗಿ ಕಳೆಯುತ್ತದೆ. ಆದರೆ ಅದರ ಪ್ರಭಾವ ರಾತ್ರಿಯೋ ಮರುದಿನ ಬೆಳಗ್ಗೆಯೋ ಇಳಿದಾಗ ನೋವು ಒಮ್ಮೆಲೇ ಮೇಲೆದ್ದು ಬರುತ್ತದೆ. ಏನೋ ಎಡವಟ್ಟಾಯಿತು ಎಂದು ಗಾಬರಿಯಾಗುವುದು ಇಲ್ಲಿಯೇ. ಅದು ಇಳಿಯುವ ಮುನ್ನವೇ ಮಾತ್ರೆ ಹೊಟ್ಟೆಯಲ್ಲಿರಬೇಕು.

ನಿಜವಾಗಿ ಗಾಬರಿಯಾಗಬೇಕಾದದ್ದು ಬೇರೆ. ಒಂದೇ ಕಡೆಯ ಸ್ತನ ಕೆಲವೇ ಗಂಟೆಗಳಲ್ಲಿ ಉಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ಮಾತ್ರೆಗೆ ಬಗ್ಗದ ನೋವು ಬಂದರೆ ಒಳಗೆ ರಕ್ತ ಕಟ್ಟಿಕೊಳ್ಳುತ್ತಿರಬಹುದು. ಮೊದಲ ದಿನವೇ ಇದು ಹೆಚ್ಚು. ತೊಟ್ಟು ನೀಲಿಗಪ್ಪು ತಿರುಗಿದರೆ ರಕ್ತಸಂಚಾರ ಕೆಟ್ಟಿರಬಹುದು. ಮೀನಖಂಡದ ನೋವು, ಉಸಿರು ಕಟ್ಟುವುದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ವಾರದ ನಂತರ ಜ್ವರ, ಹರಡುವ ಕೆಂಪು, ಕೀವು ಸೋಂಕಿನ ಗುರುತು. ಇವು ಕಂಡಾಗ ಫೋನ್ ಮಾಡಿ ಸಮಯ ಕೇಳುತ್ತ ಕೂರುವುದು ಬೇಡ, ನೇರ ಆಸ್ಪತ್ರೆಗೆ ಹೋಗುವುದು.

ಮೊದಲ ವಾರ ದಾಟಿತೆಂದರೆ ಉತ್ಸಾಹ ಬರುತ್ತದೆ. ಅಂಗಾಂಶ ಮಾತ್ರ ಇನ್ನೂ ಸಿದ್ಧವಾಗಿರುವುದಿಲ್ಲ. ಒಂದು ವಾರದ ಗಾಯಕ್ಕೆ ಮೂಲ ಚರ್ಮದ ಸುಮಾರು ನೂರಕ್ಕೆ 3ರಷ್ಟು ಬಲ ಮಾತ್ರ ಇರುತ್ತದೆ, ಉಳಿದದ್ದು ಹೊಲಿಗೆಯ ದಾರದ್ದು. ಮೂರನೇ ವಾರಕ್ಕೆ ನೂರಕ್ಕೆ 20ರಿಂದ 30. ಮೂರು ತಿಂಗಳಿಗೆ 80ರ ಹತ್ತಿರ. ಅಲ್ಲಿಗೆ ನಿಲ್ಲುತ್ತದೆ, ಪೂರ್ತಿ ನೂರು ಎಂದೂ ಆಗದು. ಈ ಅಂಕಿಗಳ ಜೊತೆ ವೈದ್ಯರ ಸೂಚನೆಯನ್ನು ಓದಿದರೆ ಅರ್ಥ ತಾನೇ ತೆರೆದುಕೊಳ್ಳುತ್ತದೆ. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಎನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಭಾರವೆಂದರೆ ಏನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬೇಳೆ ಬೆಂದ ದೊಡ್ಡ ಕುಕ್ಕರ್, ಅಟ್ಟದ ಮೇಲಿನ ಅಕ್ಕಿ ಡಬ್ಬ, ಒದ್ದೆ ಬೆಡ್‌ಶೀಟ್ ತುಂಬಿದ ಬಕೆಟ್, ಎರಡು ವರ್ಷದ ಮಗು, ಎಲ್ಲವೂ ಭಾರವೇ. ಗ್ಯಾಸ್ ಸಿಲಿಂಡರಿನ ಮಾತು ಬೇಡವೇ ಬೇಡ, ಅದರೊಳಗಿನ ಅನಿಲವೇ 14.2 ಕಿಲೋ. ಚಪಾತಿ ಲಟ್ಟಿಸುವುದು ಹಗುರ ಕೆಲಸವೆನಿಸಿದರೂ ಎದೆಯ ಸ್ನಾಯುವನ್ನು ನೇರವಾಗಿ ದುಡಿಸುತ್ತದೆ. ಕಚೇರಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳುವವರು ಅಡುಗೆಮನೆಗೆ ಅದಕ್ಕಿಂತ ತಡವಾಗಿ ಮರಳಬೇಕು. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ಹಾಗೆಂದು ಮೈ ಅಲುಗಿಸದೆ ಮಲಗಿದರೂ ಕೆಡುಕೇ. ಆಪರೇಷನ್ ಆದ ದಿನವೇ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ, ತೋಳನ್ನು ಮಿತಿಯಲ್ಲಿ ಆಡಿಸುತ್ತಿದ್ದರೆ ಭುಜ ಹಿಡಿದುಕೊಳ್ಳುವುದಿಲ್ಲ.

ಎರಡನೇ ವಾರದ ದೊಡ್ಡ ಆತಂಕ ತಲೆಕೆಳಗಾದ ‘ಟಿ’ಯ ಎರಡು ಗೆರೆಗಳು ಕೂಡುವ ಜಾಗ. ಡ್ರೆಸ್ಸಿಂಗ್ ಬಿಚ್ಚಿದಾಗ ಉಳಿದೆಡೆಯೆಲ್ಲ ತೆಳು ಗೆರೆ. ಕೆಳಗೆ ನಟ್ಟನಡುವೆ ಮಾತ್ರ ಹಳದಿ ಪೊರೆ ಕಟ್ಟಿದ, ಒಸರುವ, ಉಗುರಿನಷ್ಟು ಅಗಲದ ಬಾಯಿ. ಹೊಲಿಗೆ ಬಿಟ್ಟಿತು, ಎಲ್ಲ ಹಾಳಾಯಿತು ಎಂದು ಅತ್ತವರಿದ್ದಾರೆ. ಎಳೆತ ಅತಿ ಹೆಚ್ಚಿರುವುದು ಅಲ್ಲೇ, ರಕ್ತ ಅತಿ ದೂರದಿಂದ ಬರಬೇಕಿರುವುದೂ ಅಲ್ಲಿಗೇ. ಮೂರು ಚರ್ಮದಂಚುಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಈ ಚಿಕಿತ್ಸೆಯಲ್ಲಿ ಅತಿ ಸಾಮಾನ್ಯ ತೊಡಕು ಇದೇ. ಬಹುಪಾಲು ಇಂಥ ಬಾಯಿಗಳು ಮತ್ತೆ ಹೊಲಿಗೆಯಿಲ್ಲದೆ, ಬರೀ ಡ್ರೆಸ್ಸಿಂಗಿನಲ್ಲೇ ವಾರಗಳಲ್ಲಿ ತಳದಿಂದ ತುಂಬಿಕೊಂಡು ಬರುತ್ತವೆ. ಬೀಡಿ ಸಿಗರೇಟು, ತಂಬಾಕು ಇದ್ದವರಿಗೆ ಮಾತ್ರ ಕಷ್ಟ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಹೊಗೆಸೊಪ್ಪು ಜಗಿದರೂ ಅದೇ ನಿಕೋಟಿನ್. ಅದಕ್ಕೇ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿಸುತ್ತಾರೆ.

ಈ ಹೊತ್ತಿಗೆ ಮನೆಯಲ್ಲಿ ಅಜ್ಜಿಯ ಪಥ್ಯ ಶುರುವಾಗಿರುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು. ಬದನೆ ಬಿಟ್ಟರೆ ನಷ್ಟವೇನಿಲ್ಲ, ಅಜ್ಜಿಯ ಜೊತೆ ಅದಕ್ಕಾಗಿ ಜಗಳ ಬೇಡ. ಆದರೆ ನಂಜಿನ ಹೆಸರಿನಲ್ಲಿ ಮೊಟ್ಟೆ, ಬೇಳೆ, ಮೊಸರನ್ನೂ ಕಸಿದು ಬರೀ ಗಂಜಿ, ತಿಳಿಸಾರು ಕೊಟ್ಟರೆ ಗಾಯಕ್ಕೆ ಹಾನಿ. ಹೊಸ ಅಂಗಾಂಶದ ಎಳೆಯೇ ಕೊಲಾಜೆನ್ ಎಂಬ ಪ್ರೋಟೀನು, ಅದನ್ನು ಹೆಣೆಯಲು ಸಿ ಜೀವಸತ್ವ ಬೇಕು. ಅನ್ನದ ಜೊತೆ ದಪ್ಪ ತೊವ್ವೆ, ಒಂದು ಸೀಬೆಹಣ್ಣು ಯಾವ ಟಾನಿಕ್‌ಗೂ ಕಡಿಮೆಯಲ್ಲ.

ಮೂರನೇ ವಾರದ ಹೊತ್ತಿಗೆ, ಎಲ್ಲ ತಣ್ಣಗಾಯಿತು ಎನ್ನುವಾಗ, ಹೊಸ ಬಗೆಯ ನೋವು ಬರುತ್ತದೆ. ಸುಮ್ಮನೆ ಕೂತಿರುವಾಗ ಎದೆಯ ಒಂದು ಮೂಲೆಯಿಂದ ತೊಟ್ಟಿನವರೆಗೆ ಛಳಕ್ಕನೆ ಸಿಡಿಲು ಹೊಡೆದಂತೆ, ಒಂದು ಕ್ಷಣ, ಮತ್ತೆ ಇಲ್ಲ. ತೊಟ್ಟಿನ ಸಂವೇದನೆ ಮುಖ್ಯವಾಗಿ ನಾಲ್ಕನೆಯ ಪಕ್ಕೆಲುಬಿನ ನರದ ಕವಲಿನಿಂದ ಬರುತ್ತದೆ, ಅಕ್ಕಪಕ್ಕದ ಮೂರು, ಐದನೆಯ ನರಗಳೂ ಜೊತೆಗಿರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಇವುಗಳ ಸಣ್ಣ ಕವಲುಗಳು ಕತ್ತರಿಸುತ್ತವೆ ಅಥವಾ ಎಳೆದಾಡಿಸಿಕೊಳ್ಳುತ್ತವೆ. ತುಂಡಾದ ನರದೆಳೆಯ ಮುಂಭಾಗ ನಶಿಸಿ, ಹಿಂಭಾಗದಿಂದ ಹೊಸ ಮೊಳಕೆ ಹೊರಡುತ್ತದೆ. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಹತ್ತು ಸೆಂಟಿಮೀಟರ್ ದಾರಿಗೆ ಮೂರು ತಿಂಗಳಿಗೂ ಮಿಗಿಲು. ಈ ಎಳೆಯ ತುದಿಗಳಿಗೆ ಇನ್ನೂ ಹೊರಹೊದಿಕೆ ಬಲಿತಿರುವುದಿಲ್ಲ, ಸುಮ್ಮನೆ ತಾವೇ ಕಿಡಿ ಹಾರಿಸುತ್ತವೆ. ಮೆಲ್ಲಗೆ ತಟ್ಟಿದರೂ ಜುಮ್ಮೆನ್ನುತ್ತದೆ. ಬೆಳೆಯುವ ನರದ ಈ ಗುಣವನ್ನು 1915ರಲ್ಲಿ ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್ ಬೇರೆಬೇರೆಯಾಗಿ ಬರೆದರು. ಅವರ ದೇಶಗಳು ಆಗ ಪರಸ್ಪರ ಯುದ್ಧದಲ್ಲಿದ್ದವು.

ಹಾಗಾಗಿ ಮರಗಟ್ಟಿದ ಚರ್ಮದಲ್ಲಿ ತುರಿಕೆ, ಜೋಮು, ಛಳಕು ಕಾಣಿಸಿಕೊಂಡರೆ ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ. ಕೆಲವರಿಗೆ ನಡುವೆ ಕೆಲವು ವಾರ ತೊಟ್ಟು ವಿಪರೀತ ಸೂಕ್ಷ್ಮವಾಗಿ ಬಟ್ಟೆ ಸೋಕಿದರೂ ತಡೆಯಲಾಗದು. ಮೆತ್ತನೆ ಹತ್ತಿಯಿಂದ ಶುರುಮಾಡಿ ದಿನಕ್ಕಿಷ್ಟು ಹೊತ್ತು ಬೇರೆಬೇರೆ ಬಟ್ಟೆಯಿಂದ ಸವರಿ ಚರ್ಮವನ್ನು ಪಳಗಿಸುವುದು ಇದಕ್ಕಿರುವ ಸರಳ ಉಪಾಯ. ಸಂವೇದನೆ ಎಲ್ಲರಿಗೂ ಪೂರ್ತಿ ಮರಳುತ್ತದೆಂದು ಭರವಸೆ ಕೊಡಲಾಗದು. ತೊಟ್ಟನ್ನು ಪೂರ್ತಿ ಬಿಡಿಸಿ ಚರ್ಮದ ಕಸಿಯಂತೆ ಕೂರಿಸಬೇಕಾಗಿ ಬಂದವರಲ್ಲಿ ಅದು ಮರಳುವ ಆಸೆ ಕಡಿಮೆ, ಹಾಲೂಡಿಸುವುದೂ ಆಗದು. ಮದುವೆ, ಮಕ್ಕಳು ಇನ್ನೂ ಮುಂದಿರುವ ಹುಡುಗಿಯರಿಗೆ ಈ ಮಾತನ್ನು ಮೊದಲೇ ಹೇಳದಿರುವುದು ಅನ್ಯಾಯ.

ಮೂರು ತಿಂಗಳು ದಾಟಿಯೂ ಉಳಿಯುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವೆಂದು ಬೇರೆ ಹೆಸರಿಟ್ಟು ಎಣಿಸುತ್ತದೆ. ಉರಿಯುವ, ಒಂದೇ ಜಾಗದಲ್ಲಿ ನಾಟಿದಂತಿರುವ, ಸೀರೆಯ ಸೆರಗು ತಾಗಿದರೂ ಕೆರಳುವ ಈ ನೋವು ನರದ್ದು, ಗಾಯದ್ದಲ್ಲ. ಪ್ಯಾರಸಿಟಮಾಲ್ ನುಂಗುತ್ತ ಹೋಗುವುದರಿಂದ ಅದಕ್ಕೇನೂ ಆಗದು. ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳು, ನರದ ಸುತ್ತ ಕೊಡುವ ಚುಚ್ಚುಮದ್ದು, ನೋವಿನ ಕ್ಲಿನಿಕ್ಕು ಇದಕ್ಕಾಗಿಯೇ ಇವೆ. ಮೊದಲೇ ದೀರ್ಘ ನೋವಿದ್ದವರು, ಮೊದಲ ದಿನಗಳಲ್ಲಿ ತೀವ್ರವಾಗಿ ನೊಂದವರು, ಆತಂಕದಲ್ಲಿದ್ದವರು ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ‘ಎಲ್ಲ ಮನಸ್ಸಿನದ್ದು’ ಎಂದು ಅವರನ್ನು ಮನೆಗೆ ಕಳಿಸುವುದು ಇಂದಿನ ವಿಜ್ಞಾನವನ್ನು ಓದದವರ ಕೆಲಸ. ಮೊದಲ ವಾರದ ನೋವನ್ನು ಸಹಿಸಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ ಎಂಬುದಕ್ಕೂ ಇದೇ ಕಾರಣ.

ಗಾಯದ ಕಲೆ ಆರು ತಿಂಗಳವರೆಗೂ ಕೆಂಪಗೆ, ದಪ್ಪಗೆ ಇದ್ದು ಆಮೇಲೆ ಮಾಸುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಕಲೆ ಉಬ್ಬುವ, ಕೀಲಾಯ್ಡ್ ಆಗುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ಅದನ್ನು ಸರ್ಜನ್‌ಗೆ ಮೊದಲೇ ತೋರಿಸಬೇಕು. ಸಿಲಿಕಾನ್ ಜೆಲ್ ಅಥವಾ ಹಾಳೆಯನ್ನು ಗಾಯ ಪೂರ್ತಿ ಮುಚ್ಚಿದ ಮೇಲಷ್ಟೇ ಹಚ್ಚುವುದು.

ಕೆಲವು ತಿಂಗಳ ನಂತರ ಸ್ತನದೊಳಗೆ ಗಟ್ಟಿ ಗಂಟು ಕೈಗೆ ಸಿಕ್ಕಬಹುದು. ಬಹಳ ಸಲ ಅದು ರಕ್ತ ತಲುಪದೆ ಸತ್ತ ಕೊಬ್ಬಿನ ತುಣುಕು. ಆದರೆ ಬೆರಳಿಗೆ ಅದೂ ಒಂದೇ, ಕ್ಯಾನ್ಸರೂ ಒಂದೇ, ಸ್ಕ್ಯಾನ್ ಮಾಡಿಸದೆ ಬಿಡಬಾರದು. ತೆಗೆದ ಅಂಗಾಂಶವನ್ನು ಹೇಗೂ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿರುತ್ತಾರೆ, ಆ ವರದಿಯನ್ನು ಕೇಳಿ ಪಡೆಯಬೇಕು. ಮುಂದೆ ಮ್ಯಾಮೊಗ್ರಾಂನಲ್ಲಿ ಒಳಗಿನ ಕಲೆಗಳು, ಸುಣ್ಣದ ಚುಕ್ಕೆಗಳು ಕಾಣುತ್ತವೆ, ಹಿನ್ನೆಲೆ ಗೊತ್ತಿಲ್ಲದ ರೇಡಿಯಾಲಜಿಸ್ಟ್ ಅನುಮಾನಪಟ್ಟು ಬಯಾಪ್ಸಿ ಬರೆಯಬಹುದು. ಶಸ್ತ್ರಚಿಕಿತ್ಸೆ ಯಾವ ವರ್ಷ ಆಯಿತು, ಯಾವ ವಿಧಾನದಲ್ಲಿ ಆಯಿತು ಎಂಬುದಿರುವ ಡಿಸ್ಚಾರ್ಜ್ ಹಾಳೆಯ ಪ್ರತಿಯನ್ನು ಹಳೆಯ ಮ್ಯಾಮೊಗ್ರಾಂ ಫಿಲ್ಮುಗಳ ಜೊತೆ ಒಂದೇ ಕವರಿನಲ್ಲಿಟ್ಟು ಪರೀಕ್ಷೆಗೆ ಒಯ್ದರೆ ಸಾಕು.